ಗಡಿನಾಡಿನ ಕನ್ನಡಿಗರೂ ಹೊಸ ಹಣವ್ಯವಹಾರವೂ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದಂಥ ಮಂಗಳ ಸಂದರ್ಭದಲ್ಲಿ ಕಾವ್ಯದ ವಿಚಾರವನ್ನೋ ಯಕ್ಷಗಾನದ ವಿಚಾರವನ್ನೋ ಎತ್ತಿಕೊಂಡು ನಾಲ್ಕು ಮಾತನ್ನಾಡುವುದು ನಮ್ಮಲ್ಲಿ ವಾಡಿಕೆಯಾಗಿ ಬಂದಿದೆ. ಅದನ್ನು ಬಿಟ್ಟು ಬ್ಯಾಂಕು, ಮೊಬೈಲು, ಗುಪ್ತಸಂಖ್ಯೆಗಳ ಮಾತನ್ನು ತೆಗೆಯುವುದು ಮದುವೆಯ ಚಪ್ಪರದಲ್ಲಿ ಲೆಕ್ಕದ ಪುಸ್ತಕವನ್ನು ಬಿಚ್ಚಿದಂತೆ ಕೆಲವರಿಗೆ ತೋರಬಹುದು. ಆದರೆ ಭಾಷೆಯೆಂಬುದು ಕವಿತೆಯಲ್ಲಿ ಮಾತ್ರ ಬದುಕುವ ವಸ್ತುವಲ್ಲ. ಮನುಷ್ಯನು ತನ್ನ ದುಡಿಮೆಯ ಹಣವನ್ನು ಕಾಪಾಡಿಕೊಳ್ಳುವ ಸ್ಥಳದಲ್ಲಿಯೂ ಅದು ಬದುಕಬೇಕು. ಅಲ್ಲಿ ಭಾಷೆ ಸತ್ತರೆ ಹಣವೂ ಹೋಗುತ್ತದೆ. ಇದನ್ನು ಕಾಸರಗೋಡು ಸೀಮೆಯಲ್ಲಿರುವ ನಾವು ತಿಳಿಯಬೇಕಾದ ಕಾಲ ಬಂದಿದೆಯೆಂದು ಭಾವಿಸಿ ಈ ವಿಷಯವನ್ನು ಕೈಕೊಂಡಿದ್ದೇವೆ.

ಹಣದ ವಿಚಾರದಲ್ಲಿ ಕನ್ನಡ ಕರಾವಳಿಯವರು ಹಿಂದುಳಿದವರೇನೂ ಅಲ್ಲ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಮುಂದೆ ಕೆನರಾ ಬ್ಯಾಂಕೆನಿಸಿದ ನಿಧಿಯನ್ನು ಸ್ಥಾಪಿಸಿದರು. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು ಹುಟ್ಟಿತು. 1924ರಲ್ಲಿ ಕರ್ನಾಟಕ ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಮೂಲಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕು ಹೀಗೆ ಒಂದರ ಹಿಂದೊಂದು ಈ ನೆಲದಿಂದಲೇ ಎದ್ದು ನಿಂತವು. 1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿಯ ಪದ್ಧತಿಯು ದಿನಕ್ಕೆ ಎರಡಾಣೆಯನ್ನು ಉಳಿಸಬಲ್ಲ ಬಡವನನ್ನೂ ಬ್ಯಾಂಕಿನ ಗಿರಾಕಿಯನ್ನಾಗಿ ಮಾಡಿತು. ಪಿಗ್ಮಿ ಸಂಗ್ರಹಕಾರನು ದಿನವೂ ಬಾಗಿಲಿಗೆ ಬರುತ್ತಿದ್ದ. ಅವನ ಮನೆ ಎಲ್ಲಿ, ಅವನ ತಂದೆ ಯಾರು ಎಂಬುದು ಊರಿಗೇ ಗೊತ್ತಿತ್ತು. ಅವನು ನಮ್ಮ ನುಡಿಯಲ್ಲಿಯೇ ಮಾತನಾಡಿ, ನಮ್ಮೆದುರಿಗೇ ಪುಸ್ತಕದಲ್ಲಿ ಬರೆದು ಹೋಗುತ್ತಿದ್ದ. ಆ ವ್ಯವಹಾರದ ಜೀವಾಳವು ಪರಿಚಿತವಾದ ಮುಖ.

ಹೊಸ ವ್ಯವಹಾರದಲ್ಲಿ ಆ ಮುಖವಿಲ್ಲ. ಈ ಒಂದು ವ್ಯತ್ಯಾಸದಲ್ಲಿ ಇಂದಿನ ವಿಷಯವೆಲ್ಲ ಅಡಗಿದೆ. 2008ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಪಾವತಿ ನಿಗಮವು 2016ರ ಏಪ್ರಿಲ್ 11ರಂದು ಯುಪಿಐ ಎಂಬ ವ್ಯವಸ್ಥೆಯನ್ನು ಹೊರತಂದಿತು. ಅದೇ ವರ್ಷದ ಕೊನೆಗೆ ಭೀಮ್ ಬಂದಿತು. 2025ರ ಆಗಸ್ಟ್ ತಿಂಗಳೊಂದರಲ್ಲಿಯೇ ಈ ಮಾರ್ಗವಾಗಿ ನಡೆದ ಪಾವತಿಗಳ ಸಂಖ್ಯೆ 2,000 ಕೋಟಿಯನ್ನು ಮೀರಿತು. ಇದರ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಮೀನು ಮಾರುವ ಹೆಂಗಸು ಚಿಲ್ಲರೆಗಾಗಿ ಪರದಾಡಬೇಕಾಗಿಲ್ಲ. ಪುತ್ತೂರಿನಲ್ಲಿ ಅಡಕೆ ಮಾರಿದವನ ಹಣವು ಅವನು ಬದಿಯಡ್ಕಕ್ಕೆ ಹಿಂತಿರುಗುವ ಮೊದಲೇ ಖಾತೆಗೆ ಸೇರಿರುತ್ತದೆ. ಕೊಲ್ಲಿಯ ನಾಡುಗಳಲ್ಲಿ ದುಡಿಯುವ ನಮ್ಮ ಮಕ್ಕಳು ಸಹ, 2023ರಿಂದೀಚೆಗೆ ದೊರೆತ ಅನುಮತಿಯಂತೆ, ಅನಿವಾಸಿ ಖಾತೆಗೆ ತಮ್ಮ ಅಲ್ಲಿನ ಮೊಬೈಲು ಸಂಖ್ಯೆಯನ್ನೇ ಜೋಡಿಸಿ ಊರಿನ ಅಂಗಡಿಗೆ ಹಣ ಸಲ್ಲಿಸಬಹುದಾಗಿದೆ. ಅರಬಸ್ತಾನ, ಸಂಯುಕ್ತ ಅರಬ್ ಸಂಸ್ಥಾನ, ಓಮಾನ್, ಕತಾರ್ ಮೊದಲಾದ ದೇಶಗಳು ಆ ಪಟ್ಟಿಯಲ್ಲಿ ಸೇರಿವೆ. ಆದುದರಿಂದ ಈ ಯಂತ್ರವನ್ನೇ ದೂರವಿಡಿರೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಹೊಳೆಯಲ್ಲಿ ಸುಳಿಯಿದೆಯೆಂದು ಹೊಳೆಯನ್ನೇ ಬಿಟ್ಟವರಿಲ್ಲ. ಸುಳಿ ಎಲ್ಲಿದೆಯೆಂದು ತಿಳಿದು ದಾಟಿದವರೇ ಜಾಣರು.

ಸುಳಿಯ ಆಳವನ್ನು ಎರಡು ಅಂಕಿಗಳಿಂದ ಊಹಿಸಬಹುದು. ಕೇಂದ್ರ ಗೃಹಮಂತ್ರಾಲಯವು ಲೋಕಸಭೆಯ ಮುಂದಿಟ್ಟ ಲೆಕ್ಕದಂತೆ, ಇಂಥ ಸೈಬರ್ ವಂಚನೆಗಳಿಂದ ದೇಶದ ಜನರು ಕಳೆದುಕೊಂಡ ಹಣವು 2023ರಲ್ಲಿ ಸುಮಾರು 7,465 ಕೋಟಿ ರೂಪಾಯಿ. 2024ರಲ್ಲಿ ಸುಮಾರು 22,845 ಕೋಟಿ ರೂಪಾಯಿ. ಒಂದೇ ವರ್ಷದಲ್ಲಿ ಮೂರು ಪಾಲಾಯಿತು. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಇದರ ಬಹುಭಾಗವು ಬ್ಯಾಂಕಿನ ಬೀಗವನ್ನು ಮುರಿದು ಕದ್ದ ಹಣವಲ್ಲ. ಬೀಗವು ಗಟ್ಟಿಯಾಗಿದೆ. ಕಳ್ಳನು ಯಜಮಾನನ ಕೈಯಿಂದಲೇ ಅದನ್ನು ತೆಗೆಸುತ್ತಾನೆ. ಭಯ, ಆಸೆ, ಅವಸರ ಇವು ಮೂರೇ ಅವನ ಆಯುಧಗಳು.

ವಂಚನೆಯ ಬಗೆಗಳು ಅಸಂಖ್ಯ. ರಿಸರ್ವ್ ಬ್ಯಾಂಕೇ 2022ರಲ್ಲಿ ನಲವತ್ತು ಬಗೆಗಳನ್ನು ಕಥಾರೂಪದಲ್ಲಿ ವಿವರಿಸಿದ ಪುಸ್ತಿಕೆಯೊಂದನ್ನು ಪ್ರಕಟಿಸಿತು. ನಮ್ಮ ಕಡೆ ಹೆಚ್ಚು ಕಾಡುವ ಕೆಲವನ್ನು ಮಾತ್ರ ಇಲ್ಲಿ ಹೇಳುತ್ತೇವೆ.

ಮೊದಲನೆಯದು, ಹಣ ಕೊಡುತ್ತೇನೆಂದು ಹೇಳಿ ಕಸಿಯುವುದು. ಹಳೆಯ ಸಾಮಾನನ್ನು ಕೊಳ್ಳುತ್ತೇನೆಂದೋ, ತಪ್ಪಿ ಕಳುಹಿಸಿದ ಹಣವನ್ನು ಹಿಂದಿರುಗಿಸಿರೆಂದೋ ಒಬ್ಬನು ಮಾತು ತೆಗೆಯುತ್ತಾನೆ. ಚೌಕದ ಚಿತ್ರವೊಂದನ್ನು ಕಳುಹಿಸಿ, ಇದನ್ನು ಸ್ಕ್ಯಾನ್ ಮಾಡಿ ನಿಮ್ಮ ಗುಪ್ತಸಂಖ್ಯೆಯನ್ನು ಒತ್ತಿದರೆ ಹಣ ಬರುತ್ತದೆ ಎನ್ನುತ್ತಾನೆ. ಸಭಿಕರು ಈ ಒಂದು ಮಾತನ್ನು ಗಂಟು ಕಟ್ಟಿಕೊಳ್ಳಬೇಕು: ಗುಪ್ತಸಂಖ್ಯೆಯು ಹಣವನ್ನು ಕೊಡುವುದಕ್ಕೆ ಬೇಕು, ಪಡೆಯುವುದಕ್ಕೆ ಎಂದಿಗೂ ಬೇಡ. ಈ ಮೋಸಕ್ಕೆ ಹೆಚ್ಚಾಗಿ ಉಪಯೋಗವಾಗುತ್ತಿದ್ದ, ವ್ಯಕ್ತಿಯು ವ್ಯಕ್ತಿಯಿಂದ ಹಣ ಕೇಳುವ ಕೋರಿಕೆಯ ಸೌಲಭ್ಯವನ್ನು 2025ರ ಅಕ್ಟೋಬರ್ 1ರಿಂದ ಯುಪಿಐಯಲ್ಲಿ ನಿಲ್ಲಿಸಲಾಯಿತು. ಆದರೆ ಚೌಕದ ಚಿತ್ರವು ಉಳಿದಿದೆ.

ಎರಡನೆಯದು, ಕಡತದ ರೂಪದಲ್ಲಿ ಬರುವ ಕಳ್ಳ. ಮದುವೆಯ ಕರೆಯೋಲೆ, ವಾಹನದ ದಂಡದ ಚೀಟಿ, ವಿದ್ಯುತ್ ಬಿಲ್ಲು ಇವುಗಳ ಹೆಸರಿನಲ್ಲಿ ವಾಟ್ಸಾಪಿನ ಮೂಲಕ ಒಂದು ಎಪಿಕೆ ಕಡತವು ಬರುತ್ತದೆ. ತೆರೆದೊಡನೆ ಅದು ಫೋನಿನೊಳಗೆ ನೆಲೆಸಿ, ಬ್ಯಾಂಕಿನಿಂದ ಬರುವ ಸಂದೇಶಗಳನ್ನು ಓದಿ ತನ್ನ ಒಡೆಯನಿಗೆ ರವಾನಿಸುತ್ತದೆ. ಫೋನಿನ ಪರದೆಯನ್ನು ಪರರಿಗೆ ತೋರಿಸುವ ಆ್ಯಪ್‌ಗಳನ್ನು ಹಾಕಿಸಿ ದೋಚುವುದೂ ಇದೇ ಜಾತಿಯದು. ನಮ್ಮವರಿಗೆ ಕರೆಯೋಲೆ ಬಂದರೆ ತೆರೆಯದೆ ಇರುವುದು ಅಮರ್ಯಾದೆಯೆಂಬ ಭಾವನೆಯಿದೆ. ಆ ಮರ್ಯಾದೆಯೇ ಇಲ್ಲಿ ಬಲೆಯಾಗುತ್ತದೆ.

ಮೂರನೆಯದು, ಡಿಜಿಟಲ್ ಅರೆಸ್ಟ್ ಎಂಬ ಬೆದರಿಕೆ. ಪೊಲೀಸರ ವೇಷದಲ್ಲಿ ವಿಡಿಯೋ ಕರೆ ಮಾಡಿ, ನಿಮ್ಮ ಹೆಸರಿನಲ್ಲಿ ಮಾದಕ ವಸ್ತುವಿನ ಪೊಟ್ಟಣ ಸಿಕ್ಕಿದೆ, ನೀವು ಬಂಧನದಲ್ಲಿದ್ದೀರಿ, ಕ್ಯಾಮೆರಾದ ಮುಂದಿನಿಂದ ಏಳಕೂಡದು ಎಂದು ಗಂಟೆಗಟ್ಟಲೆ ಹೆದರಿಸಿ ಜೀವಮಾನದ ಉಳಿತಾಯವನ್ನು ಕಸಿಯುತ್ತಾರೆ. ಇಂಥ ಬಂಧನವೆಂಬುದು ಭಾರತದ ಯಾವ ಕಾನೂನಿನಲ್ಲಿಯೂ ಇಲ್ಲ. 2024ರ ಅಕ್ಟೋಬರ್ 27ರ ಬಾನುಲಿ ಭಾಷಣದಲ್ಲಿ ಪ್ರಧಾನಮಂತ್ರಿಗಳೇ ಇದನ್ನು ಜನತೆಗೆ ತಿಳಿಯಪಡಿಸಿದರು. ನಿವೃತ್ತ ಉಪಾಧ್ಯಾಯರು, ಒಂಟಿಯಾಗಿರುವ ವೃದ್ಧರು ಇದಕ್ಕೆ ಹೆಚ್ಚಾಗಿ ಬಲಿಯಾಗಿದ್ದಾರೆ. ಅವರು ಕಾನೂನಿಗೆ ಹೆದರುವ ಸಜ್ಜನರಾಗಿರುವುದೇ ಅದಕ್ಕೆ ಕಾರಣ.

ನಾಲ್ಕನೆಯದು, ಬೆರಳಚ್ಚಿನ ಕಳವು. ಆಧಾರ್ ಸಂಖ್ಯೆಯೂ ಬೆರಳಿನ ಗುರುತೂ ಇದ್ದರೆ ಗುಪ್ತಸಂಖ್ಯೆಯಿಲ್ಲದೆಯೇ ಹಳ್ಳಿಯ ಪ್ರತಿನಿಧಿಯಲ್ಲಿ ಹಣ ತೆಗೆಯುವ ವ್ಯವಸ್ಥೆಯೊಂದಿದೆ. ಓದುಬರಹ ತಿಳಿಯದವರಿಗೆ ಅದು ದೊಡ್ಡ ಅನುಕೂಲ. ಆದರೆ ದಸ್ತಾವೇಜುಗಳಲ್ಲಿರುವ ಬೆರಳಚ್ಚನ್ನು ನಕಲು ಮಾಡಿ ಹಣ ತೆಗೆದ ಪ್ರಕರಣಗಳು ಬೆಳಕಿಗೆ ಬಂದಿವೆ. ಈ ಸೌಲಭ್ಯದ ಅಗತ್ಯವಿಲ್ಲದವರು ಆಧಾರ್ ಪ್ರಾಧಿಕಾರದ ಆ್ಯಪ್ ಅಥವಾ ಜಾಲತಾಣದ ಮೂಲಕ ತಮ್ಮ ಬೆರಳಚ್ಚಿಗೆ ಬೀಗ ಹಾಕಿಸಬಹುದು, ಬೇಕಾದಾಗ ತೆಗೆಯಲೂಬಹುದು.

ಐದನೆಯದನ್ನು ನಮ್ಮ ತರುಣರಿಗೆ ಒತ್ತಿ ಹೇಳಬೇಕಾಗಿದೆ. ನಿನ್ನ ಖಾತೆಯನ್ನು ಒಂದು ತಿಂಗಳು ಕೊಡು, ಇಷ್ಟು ಹಣ ಕೊಡುತ್ತೇವೆಂದು ವಿದ್ಯಾರ್ಥಿಗಳನ್ನು ಒಲಿಸುವವರಿದ್ದಾರೆ. ಕದ್ದ ಹಣವು ಹಾದುಹೋಗುವ ಕಾಲುವೆ ಆ ಖಾತೆ. ಹಣ ಯಾರದೋ, ಕಳ್ಳ ಎಲ್ಲಿಯವನೋ; ಪೊಲೀಸರು ಬರುವುದು ಮಾತ್ರ ಖಾತೆದಾರನ ಮನೆಗೆ. ಖಾತೆಯನ್ನು ಬಾಡಿಗೆಗೆ ಕೊಡುವುದು ಮನೆಯ ಬೀಗದ ಕೈಯನ್ನು ದರೋಡೆಗಾರನಿಗೆ ಕೊಟ್ಟಂತೆ.

ಇನ್ನು ನಿರ್ಬಂಧಗಳ ವಿಚಾರ. ಬ್ಯಾಂಕಿನವರು ಅದಕ್ಕೊಂದು ತಡೆ, ಇದಕ್ಕೊಂದು ಮಿತಿ ಹಾಕಿ ಜನರನ್ನು ಗೋಳಾಡಿಸುತ್ತಾರೆಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಈ ತಡೆಗಳ ಚರಿತ್ರೆಯನ್ನು ತಿಳಿದರೆ ಆ ಬೇಸರವು ಸ್ವಲ್ಪಮಟ್ಟಿಗೆ ಇಳಿದೀತು. ಕಾರ್ಡಿನ ಮೇಲಿನ ಸಂಖ್ಯೆಯೊಂದರಿಂದಲೇ ಆನ್‌ಲೈನ್ ವ್ಯಾಪಾರ ನಡೆಯಕೂಡದು, ಎರಡನೆಯ ದೃಢೀಕರಣವೂ ಬೇಕು ಎಂಬ ನಿಯಮವನ್ನು ರಿಸರ್ವ್ ಬ್ಯಾಂಕು 2009ರ ಆಗಸ್ಟಿನಿಂದ ಜಾರಿಗೆ ತಂದಿತು. ಹೊಸ ಕಾರ್ಡುಗಳಲ್ಲಿ ಆನ್‌ಲೈನ್ ಮತ್ತು ಪರದೇಶದ ಉಪಯೋಗವು ಮುಚ್ಚಿಯೇ ಬರಬೇಕು, ಬೇಕಾದವನು ತಾನೇ ತೆರೆದುಕೊಳ್ಳಬೇಕು ಎಂಬುದು 2020ರಲ್ಲಿ ಬಂದಿತು. ತಿಂಗಳು ತಿಂಗಳೂ ತಾನಾಗಿ ಕಡಿತವಾಗುವ ಚಂದಾಗಳಿಗೆ 24 ಗಂಟೆ ಮುಂಚೆ ತಿಳುವಳಿಕೆ ಕೊಡಬೇಕೆಂಬ ನಿಯಮವು 2021ರ ಅಕ್ಟೋಬರ್ 1ರಿಂದ ಬಿಗಿಯಾಯಿತು. ಅಂಗಡಿಯವರು ಗಿರಾಕಿಯ ಕಾರ್ಡಿನ ಸಂಖ್ಯೆಯನ್ನು ತಮ್ಮಲ್ಲಿ ಇಟ್ಟುಕೊಳ್ಳಕೂಡದೆಂಬುದು 2022ರ ಅಕ್ಟೋಬರ್ 1ರಿಂದ ನಡೆಗೆ ಬಂದಿತು. ಯುಪಿಐಯಲ್ಲಿ ಒಬ್ಬರಿಂದ ಒಬ್ಬರಿಗೆ ದಿನಕ್ಕೆ ಸಾಮಾನ್ಯವಾಗಿ 1 ಲಕ್ಷ ರೂಪಾಯಿಯ ಮಿತಿಯಿದೆ. ಹೊಸದಾಗಿ ಸೇರಿದವನಿಗೆ ಮೊದಲ 24 ಗಂಟೆಗಳಲ್ಲಿ 5,000 ರೂಪಾಯಿ ಮಾತ್ರ. ಆ ಇಪ್ಪತ್ತನಾಲ್ಕು ಗಂಟೆಗಳ ಸಾರ್ಥಕ್ಯವೇನೆಂದರೆ, ನಮ್ಮ ಸಿಮ್ಮನ್ನು ಕದ್ದು ಹೊಸ ಫೋನಿನಲ್ಲಿ ಯುಪಿಐ ಹೂಡಿದ ಕಳ್ಳನಿಗೂ ಅದೇ ಬೇಲಿ ಅಡ್ಡ ಬರುತ್ತದೆ.

ಇವೆಲ್ಲ ಹಿತಕರವಾದ ಬೇಲಿಗಳು. ಆದರೆ ಹೊಲದೊಡೆಯನನ್ನೇ ಹೊರಗೆ ನಿಲ್ಲಿಸುವ ಬೇಲಿಯೂ ಒಂದಿದೆ. ಅದು ಖಾತೆಯ ಸ್ತಂಭನ. ಕುಂಬಳೆಯಲ್ಲೊಬ್ಬ ವ್ಯಾಪಾರಿಯಿದ್ದಾನೆಂದು ಭಾವಿಸೋಣ. ಗಿರಾಕಿಯೊಬ್ಬನು ಅವನಿಗೆ ಯುಪಿಐ ಮೂಲಕ 500 ರೂಪಾಯಿ ಸಲ್ಲಿಸಿದನು. ಆ ಹಣವು ಮೂರು ನಾಲ್ಕು ಕೈ ದಾಟಿ ಬಂದ ಕಳವಿನ ಹಣವಾಗಿತ್ತು. ದೂರದ ರಾಜ್ಯದ ಪೊಲೀಸರ ಸೂಚನೆ ಬಂದೊಡನೆ ವ್ಯಾಪಾರಿಯ ಖಾತೆಯೇ ನಿಂತುಹೋಗುತ್ತದೆ. 500 ರೂಪಾಯಿಗಾಗಿ ಅವನ ಎರಡು ಲಕ್ಷವೂ ಬಂಧನಕ್ಕೊಳಗಾಗುತ್ತದೆ. ಕೇರಳದಲ್ಲಿ ಇಂಥ ದೂರುಗಳು ಬಹಳವಾಗಿ, 2023ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯದ ಮುಂದೆ ಹೋದವು. ಪೊಲೀಸರು ಸೂಚಿಸಿದ ವಿವಾದಿತ ಮೊತ್ತಕ್ಕೆ ಮಾತ್ರ ತಡೆಯನ್ನು ಸೀಮಿತಗೊಳಿಸಿ ಉಳಿದ ಹಣದ ವ್ಯವಹಾರಕ್ಕೆ ಅವಕಾಶ ಕೊಡಬೇಕೆಂದು ನ್ಯಾಯಾಲಯವು ಬ್ಯಾಂಕುಗಳಿಗೆ ಆದೇಶವಿತ್ತಿತು. ಖಾತೆ ನಿಂತವರು ಗಾಬರಿಯಾಗದೆ, ತಡೆಯಾದ ಮೊತ್ತವೆಷ್ಟು, ಯಾವ ಠಾಣೆಯ ಸೂಚನೆ, ದೂರಿನ ಸಂಖ್ಯೆ ಯಾವುದು ಎಂಬ ಮೂರನ್ನು ಶಾಖೆಯಿಂದ ಬರಹದಲ್ಲಿ ಪಡೆಯತಕ್ಕದ್ದು. ತಾವು ಮಾರಿದ ಸಾಮಾನಿನ ಬಿಲ್ಲಿನ ನಕಲನ್ನು ಅದರೊಂದಿಗೆ ಇಡತಕ್ಕದ್ದು. ದಿನವೂ ಅಪರಿಚಿತರಿಂದ ಹಣ ಪಡೆಯುವ ಅಂಗಡಿಯವರು ಮನೆಯ ಉಳಿತಾಯವನ್ನು ಬೇರೆ ಖಾತೆಯಲ್ಲಿಡುವುದು ವಿವೇಕವೆಂದು ನಾವು ಸೂಚಿಸುತ್ತೇವೆ.

ಇದುವರೆಗೆ ಹೇಳಿದುದು ದೇಶದ ಎಲ್ಲರಿಗೂ ಸಮಾನ. ಗಡಿನಾಡಿನವರಾದ ನಮ್ಮ ಪಾಡು ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಗೆರೆಯೊಂದು ನಮ್ಮ ಅಂಗಳದ ಆಚೆ ಬದಿಯಲ್ಲಿ ಬಿದ್ದಿತು. ಅಂದಿನಿಂದ ಮನೆಯ ಮಾತು ಒಂದು, ಕಚೇರಿಯ ಮಾತು ಇನ್ನೊಂದು ಆಗಿದೆ. ಬ್ಯಾಂಕುಗಳು ಹಿಂದಿ, ಇಂಗ್ಲಿಷ್, ಪ್ರಾದೇಶಿಕ ಭಾಷೆ ಎಂಬ ಮೂರರಲ್ಲಿ ಸೂಚನೆಗಳನ್ನು ಪ್ರಕಟಿಸುವ ಕ್ರಮವಿದೆ. ಆದರೆ ಪ್ರಾದೇಶಿಕ ಭಾಷೆಯೆಂದರೆ ಅವರ ಕಡತದಲ್ಲಿ ರಾಜ್ಯದ ಭಾಷೆ. ಹೀಗಾಗಿ ಕಾಸರಗೋಡಿನಲ್ಲಿ ಕನ್ನಡ ಮಾತ್ರ ಓದಬಲ್ಲ ಮುದುಕಿಗೂ, ಸೊಲ್ಲಾಪುರ ಅಕ್ಕಲಕೋಟೆಗಳಲ್ಲಿ ಕನ್ನಡ ಮಾತ್ರ ಓದಬಲ್ಲ ರೈತನಿಗೂ, ತಾಳವಾಡಿಯ ಕನ್ನಡಿಗನಿಗೂ ಎಚ್ಚರಿಕೆಯ ಫಲಕವು ಕಣ್ಣೆದುರಿಗಿದ್ದೂ ಇಲ್ಲದಂತೆಯೇ. ಮೊಬೈಲಿಗೆ ಬರುವ ಸಂದೇಶ ಇಂಗ್ಲಿಷಿನಲ್ಲಿ. ಅದನ್ನು ಓದಿಸಿಕೊಳ್ಳಲು ಅವರು ನೆರೆಯ ಹುಡುಗನ ಕೈಗೆ ಫೋನನ್ನು ಕೊಡುತ್ತಾರೆ. ಓದುವವನಿಗೆ ಗುಪ್ತಸಂಖ್ಯೆಯನ್ನೂ ಹೇಳುತ್ತಾರೆ. ಓದು ಬಾರದಿದ್ದುದಕ್ಕೆ ತೆತ್ತ ಬೆಲೆಯೆಂದು ಜನರು ಇದನ್ನು ಕರೆಯುತ್ತಾರೆ. ಅವರಿಗೆ ಓದು ಬರುತ್ತದೆ, ಓದಲು ಬರುವ ನುಡಿಯಲ್ಲಿ ಅದು ಬರೆದಿಲ್ಲ ಎಂಬುದೇ ನಿಜ.

ಇನ್ನೊಂದು ಅಪಾಯವು ಇದಕ್ಕಿಂತ ಸೂಕ್ಷ್ಮವಾದುದು. ಕಚೇರಿಗಳಲ್ಲಿ ಕನ್ನಡದ ಮಾತನ್ನು ಕೇಳದೆ ಬಳಲಿದ ನಮ್ಮವರಿಗೆ, ಫೋನಿನಲ್ಲಿ ಒಬ್ಬನು ಸ್ವಚ್ಛವಾದ ಕನ್ನಡದಲ್ಲಿ ‘ಅಮ್ಮಾ, ಬ್ಯಾಂಕಿನಿಂದ ಮಾತನಾಡುತ್ತಿದ್ದೇನೆ’ ಎಂದೊಡನೆ ಮನಸ್ಸು ಕರಗುತ್ತದೆ. ಕೊನೆಗೂ ನಮ್ಮವನೊಬ್ಬ ಸಿಕ್ಕಿದನೆಂಬ ಆನಂದದಲ್ಲಿ ಕೇಳಿದ್ದನ್ನೆಲ್ಲ ಹೇಳಿಬಿಡುತ್ತಾರೆ. ನುಡಿಯ ಮೇಲಿನ ಪ್ರೀತಿಯನ್ನೇ ಕಳ್ಳನು ಕೀಲಿಕೈಯಾಗಿ ಮಾಡಿಕೊಳ್ಳುತ್ತಾನೆ. ಕನ್ನಡ ಸಂಘದ ವೇದಿಕೆಯಿಂದ ಹೀಗೆ ಹೇಳುವುದು ಕಷ್ಟವಾದರೂ ಹೇಳಲೇಬೇಕು: ಕನ್ನಡದಲ್ಲಿ ಮಾತನಾಡಿದನೆಂಬ ಒಂದೇ ಕಾರಣಕ್ಕೆ ಯಾರನ್ನೂ ನಂಬಬೇಡಿರಿ. ಬ್ಯಾಂಕುಗಳು ಸೇವಾಸಂಬಂಧವಾಗಿ ಕರೆಯಲು 1600ರಿಂದ ಆರಂಭವಾಗುವ ಸಂಖ್ಯೆಗಳನ್ನು ಉಪಯೋಗಿಸಬೇಕೆಂದು ರಿಸರ್ವ್ ಬ್ಯಾಂಕು 2025ರಲ್ಲಿ ಸೂಚಿಸಿದೆ. ಬ್ಯಾಂಕುಗಳ ಜಾಲತಾಣಗಳ ವಿಳಾಸವು ‘ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳಬೇಕೆಂಬ ಕ್ರಮಕ್ಕೂ ಅದೇ ವರ್ಷದ ಅಕ್ಟೋಬರ್ 31ರ ಗಡುವನ್ನು ಇಟ್ಟಿತ್ತು. ಇವು ಗುರುತುಗಳು. ಆದರೂ ಕರೆಯು ಯಾವ ಸಂಖ್ಯೆಯಿಂದ ಬಂದರೂ ಒಟಿಪಿಯನ್ನಾಗಲಿ ಗುಪ್ತಸಂಖ್ಯೆಯನ್ನಾಗಲಿ ಹೇಳತಕ್ಕದ್ದಲ್ಲ.

ಹಾಗಾದರೆ ಕನ್ನಡದಲ್ಲಿ ನಮಗೆ ದೊರೆಯುವುದೇನೂ ಇಲ್ಲವೆ? ಇದೆ. ಕೇಳಿ ಪಡೆಯುವವರು ಕಡಿಮೆ. ಭೀಮ್ ಮೊದಲಾದ ಆ್ಯಪ್‌ಗಳಲ್ಲಿ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಳ್ಳಬಹುದು. ನಾವು ಯಾವ ರಾಜ್ಯದಲ್ಲಿದ್ದೇವೆಂದು ಆ್ಯಪು ಕೇಳುವುದಿಲ್ಲ. ಇಂಟರ್ನೆಟ್ಟಿಲ್ಲದ ಸಾದಾ ಫೋನಿನಿಂದ *99# ಒತ್ತಿ 5,000 ರೂಪಾಯಿಯವರೆಗೆ ಪಾವತಿ ಮಾಡುವ ಸೇವೆಯೂ ಕನ್ನಡದಲ್ಲಿದೆ. ರಿಸರ್ವ್ ಬ್ಯಾಂಕಿನ ದೂರು ವಿಚಾರಣೆಯ ದೂರವಾಣಿ 14448ರಲ್ಲಿ ಕನ್ನಡವೂ ಒಂದು ಭಾಷೆ. ನಮ್ಮ ಸಂವಿಧಾನದ 350ನೆಯ ಅನುಚ್ಛೇದವು, ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗಾಗಲಿ, ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. ಆದುದರಿಂದ ಠಾಣೆಯಲ್ಲಿ ಕನ್ನಡದ ದೂರನ್ನು ಕೊಡುವುದು ಯಾಚನೆಯಲ್ಲ, ಹಕ್ಕು.

ಮೋಸವಾದ ಮೇಲೆ ಮಾಡತಕ್ಕದ್ದೇನು? ಮೊದಲು 1930 ಎಂಬ ಸಂಖ್ಯೆಗೆ ಕರೆ ಮಾಡಬೇಕು. ಕೇಂದ್ರ ಸರ್ಕಾರದ ಸೈಬರ್‌ಕ್ರೈಮ್ ಜಾಲತಾಣದಲ್ಲಿ ದೂರು ದಾಖಲಿಸಬೇಕು. ಒಡನೆಯೇ ಬ್ಯಾಂಕಿಗೂ ತಿಳಿಸಿ ದೂರಿನ ಸಂಖ್ಯೆಯನ್ನು ಪಡೆಯಬೇಕು. ಕದ್ದ ಹಣವು ನಿಮಿಷಗಳಲ್ಲಿ ಖಾತೆಯಿಂದ ಖಾತೆಗೆ ಹಾರುತ್ತದೆ. ದೂರು ಅದರ ಬೆನ್ನು ಹತ್ತಿದರೆ ಮುಂದಿನ ಬ್ಯಾಂಕು ಅದನ್ನು ತಡೆಹಿಡಿಯಬಲ್ಲದು. ಮರುದಿನ ಹೋದವನಿಗೆ ದೊರೆಯುವುದು ಬಹುಮಟ್ಟಿಗೆ ಖಾಲಿ ಖಾತೆ. ಮೋಸ ನಡೆದುದು ಎಲ್ಲಿ, ಕಳ್ಳ ಯಾವ ರಾಜ್ಯದವನು, ನಮ್ಮ ಠಾಣೆಗೆ ಇದು ಸೇರದು ಎಂಬ ತಕರಾರು ಗಡಿಯಲ್ಲಿ ಸುಲಭವಾಗಿ ಹುಟ್ಟುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಅಪರಾಧವು ಯಾವ ಪ್ರದೇಶದಲ್ಲಿ ನಡೆದಿದ್ದರೂ ಗಂಭೀರ ಅಪರಾಧದ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು.

ಬ್ಯಾಂಕಿನ ಹೊಣೆಯ ಬಗ್ಗೆ ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ಒಂದು ಕ್ರಮವನ್ನಿಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಹಕಾರಿ ಬ್ಯಾಂಕುಗಳಿಗೂ ಅದನ್ನು ವಿಸ್ತರಿಸಿತು. ಅದರಂತೆ, ತಪ್ಪು ಬ್ಯಾಂಕಿನದಾದರೆ ಗಿರಾಕಿಗೆ ನಷ್ಟವಿಲ್ಲ. ತಪ್ಪು ಬ್ಯಾಂಕಿನದೂ ಅಲ್ಲ, ಗಿರಾಕಿಯದೂ ಅಲ್ಲ ಎಂಬಂಥ ಪ್ರಕರಣದಲ್ಲಿ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಆಗಲೂ ನಷ್ಟವಿಲ್ಲ. 4ರಿಂದ 7 ದಿನಗಳೊಳಗಾದರೆ ಮೂಲ ಉಳಿತಾಯ ಖಾತೆಗೆ 5,000, ಇತರ ಉಳಿತಾಯ ಖಾತೆಗೆ 10,000 ರೂಪಾಯಿಗಿಂತ ಹೆಚ್ಚಿನ ಹೊರೆ ಗಿರಾಕಿಯ ಮೇಲೆ ಬೀಳದು. ಆದರೆ ಗುಪ್ತಸಂಖ್ಯೆಯನ್ನು ಗಿರಾಕಿಯೇ ಹೇಳಿಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವನದೇ; ತಿಳಿಸಿದ ಮೇಲಿನದು ಬ್ಯಾಂಕಿನದು. ಹೊಣೆ ಗಿರಾಕಿಯದೆಂದು ಸಾಧಿಸಿ ತೋರಿಸಬೇಕಾದುದು ಮಾತ್ರ ಬ್ಯಾಂಕೇ. ಇಂಥ ನಿಯಮಗಳು ಕಾಲಕಾಲಕ್ಕೆ ಪರಿಷ್ಕಾರವಾಗುತ್ತಿರುವುದರಿಂದ ಶಾಖೆಯಲ್ಲಿ ಕೇಳಿ ತಿಳಿದಿರುವುದು ಒಳ್ಳೆಯದು. ಬ್ಯಾಂಕು 30 ದಿನಗಳಲ್ಲಿ ಉತ್ತರ ಕೊಡದಿದ್ದರೆ, ಅಥವಾ ಉತ್ತರವು ಸಮಾಧಾನಕರವಾಗಿರದಿದ್ದರೆ, ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ಶುಲ್ಕವಿಲ್ಲದೆ ದೂರಬಹುದು. 2021ರ ನವೆಂಬರಿನಿಂದ ಇಡೀ ದೇಶಕ್ಕೆ ಆ ವ್ಯವಸ್ಥೆ ಒಂದೇ ಆಗಿದೆ. ಗಡಿಯ ತೊಡಕು ಅಲ್ಲಿಲ್ಲ.

ಈ ಎಲ್ಲ ಮಾರ್ಗಗಳಿದ್ದೂ ನಮ್ಮವರನ್ನು ಹಿಂದೆ ಹಿಡಿದು ನಿಲ್ಲಿಸುವುದು ನಾಚಿಕೆ. ಮೋಸಹೋದವನು ಹೆಂಡತಿಗೆ ಹೇಳುವುದಿಲ್ಲ, ತಾಯಿ ಮಗನಿಗೆ ಹೇಳುವುದಿಲ್ಲ. ಊರು ನಗುತ್ತದೆಂದು ಮೂರು ದಿನ ಮೌನವಾಗಿದ್ದು ನಾಲ್ಕನೆಯ ದಿನ ಬ್ಯಾಂಕಿಗೆ ಹೋಗುತ್ತಾರೆ. ಅಷ್ಟರಲ್ಲಿ ಹಣದ ಜೊತೆಗೆ ಪೂರ್ಣ ರಕ್ಷಣೆಯ ಹಕ್ಕೂ ಕೈಬಿಟ್ಟಿರಬಹುದು. ಮನೆಗೆ ಕಳ್ಳ ನುಗ್ಗಿದರೆ ನಾವು ಯಜಮಾನನನ್ನು ನಗುವುದಿಲ್ಲವಷ್ಟೆ. ಫೋನಿನಿಂದ ನುಗ್ಗಿದರೆ ಮಾತ್ರ ಏಕೆ ನಗಬೇಕು? ವಂಚಿತನಿಗೆ ಬುದ್ಧಿ ಹೇಳುವುದನ್ನು ಒಂದು ದಿನ ಮುಂದೂಡಿ, ಮೊದಲು 1930ಕ್ಕೆ ಕರೆ ಮಾಡಿಕೊಡುವವನೇ ನಿಜವಾದ ನೆರೆಯವನು.

ಇಲ್ಲಿಯೇ ಸಂಘದ ಕೆಲಸವಿದೆ. ಗಡಿನಾಡಿನ ಕನ್ನಡ ಸಂಘಗಳು ಶಾಲೆಗಾಗಿ, ಪಠ್ಯಪುಸ್ತಕಕ್ಕಾಗಿ, ನಾಮಫಲಕಕ್ಕಾಗಿ ದುಡಿದಿವೆ. ಅದೇ ಶ್ರದ್ಧೆಯಿಂದ ಮೂರು ಕಾರ್ಯಗಳನ್ನು ಕೈಕೊಳ್ಳಬೇಕೆಂದು ವಿಜ್ಞಾಪಿಸಿಕೊಳ್ಳುತ್ತೇವೆ. ಒಂದು, 1930, 14448 ಮತ್ತು ನಾವು ಹೇಳಿದ ನಾಲ್ಕಾರು ಎಚ್ಚರಿಕೆಗಳನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಅಚ್ಚು ಹಾಕಿಸಿ, ವಾಚನಾಲಯ, ಹಾಲಿನ ಸೊಸೈಟಿ, ದೇವಸ್ಥಾನ, ಮಸೀದಿ, ಇಗರ್ಜಿಗಳ ಬಾಗಿಲಲ್ಲಿ ಅಂಟಿಸುವುದು. ಎರಡು, ಇಲ್ಲಿನ ಬ್ಯಾಂಕು ಶಾಖೆಗಳು ತಮ್ಮ ಸೂಚನಾಫಲಕಗಳನ್ನು ಕನ್ನಡದಲ್ಲಿಯೂ ಇಡಬೇಕೆಂದು ಬರಹದಲ್ಲಿ ಕೇಳುವುದು. ಮೂರು, ದೂರು ಬರೆಯಲು ಬಾರದವರಿಗೆ ಕನ್ನಡದಲ್ಲಿ ಬರೆದುಕೊಟ್ಟು, ಬೇಕಾದಲ್ಲಿ ಮಲಯಾಳಕ್ಕೆ ತಿರುಗಿಸಿ, ಠಾಣೆಯವರೆಗೆ ಜೊತೆಗೆ ಹೋಗುವ ಇಬ್ಬರು ತರುಣರನ್ನು ಪ್ರತಿ ಊರಿನಲ್ಲಿ ಗೊತ್ತುಮಾಡುವುದು. ಆ ತರುಣರು ಗುಪ್ತಸಂಖ್ಯೆಯನ್ನು ಕೇಳಕೂಡದು. ಹೇಳಲು ಬಂದವರನ್ನೂ ತಡೆಯಬೇಕು. ಇವುಗಳಿಗೆ ಹೆಚ್ಚಿನ ಹಣ ಬೇಕಾಗಿಲ್ಲ.

ಹಿಂದಿನ ಪಿಗ್ಮಿ ಸಂಗ್ರಹಕಾರನ ಮುಖವು ಮತ್ತೆ ಬರಲಾರದು. ಆದರೆ ಸಂಘವು ಆ ಪರಿಚಿತ ಮುಖದ ಸ್ಥಾನದಲ್ಲಿ ನಿಲ್ಲಬಲ್ಲದು. ಕಷ್ಟ ಬಂದ ಗಳಿಗೆಯಲ್ಲಿ ತನ್ನ ನುಡಿಯಲ್ಲಿ ಕೇಳುವವರು ಇಲ್ಲಿದ್ದಾರೆ ಎಂಬ ನಂಬಿಕೆಯು ಈ ಸೀಮೆಯ ಕಟ್ಟಕಡೆಯ ಕನ್ನಡ ಮನೆಗೂ ಮುಟ್ಟಲಿ. ಸಂಘವು ಆ ಕೆಲಸದಿಂದ ಬೆಳೆಯಲಿ ಎಂದು ಹಾರೈಸುತ್ತೇವೆ.